ಡಬ್ಬದ ಬಾಯಿಗೆ ಇಟ್ಟ ಬೊಟ್ಟು

ಬೆಳಗಿನ ತಿಂಡಿ ಮುಗಿಸಿ, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಅವರೆಕಾಳು ಹಿಸುಕುತ್ತಾ ಕೂತಿದ್ದಾಗ ಫೋನು ಬಂತು. ರಾತ್ರಿಯೇ ನೆನೆಹಾಕಿದ ಕಾಳು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ನನ್ನ ಕೈ ಒದ್ದೆ ಅಂತ ಮಗಳೇ ಫೋನು ತಂದು ಕಿವಿಗೆ ಹಿಡಿದಳು. ಬಂಗಾರಪೇಟೆಯ ಆಸ್ಪತ್ರೆಯಿಂದ ಮನೆಯವರು ಮಾತಾಡುತ್ತಿದ್ದರು. ಮಾವನವರನ್ನು ಅಲ್ಲಿ ಸೇರಿಸಿದ್ದೆವು.

"ಇನ್ನ ಮನೆಗ್ ಕರ್ಕೊಂಡ್ ಓಗಿ ಅಂದ್ರು. ಇಲ್ಲಿ ಮಾಡಾದ್ ಏನೂ ಇಲ್ವಂತೆ," ಅಂದರು. ಆಮೇಲೆ, "ಅಪ್ಪ ಒಂದ್ ಸಿನಿಮಾ ನೋಡ್ಬೇಕು ಅಂತಾವ್ರೆ," ಅಂದರು.

ಸರಿ ಅಂದೆ. ಅಳು ಬರುತ್ತೆ ಅಂತ ಕಾದೆ, ಬರಲಿಲ್ಲ. ಬೆರಳು ತಾನಾಗಿ ಇನ್ನೊಂದಷ್ಟು ಕಾಳು ಹಿಸುಕಿತು. ಆಮೇಲೆ ಪಾತ್ರೆಗೆ ತಟ್ಟೆ ಮುಚ್ಚಿ ಎದ್ದೆ.

ಮಾವನವರು ನಂದಿದುರ್ಗ ಅನ್ನೋ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಮೆಷಿನು ಹಿಡಿದವರು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅಲ್ಲಿಯ ಧೂಳು ಎದೆಯಲ್ಲಿ ಕೂತಿತ್ತು, ಅಲ್ಲಿಯ ಸದ್ದು ಕಿವಿಯನ್ನು ತಿಂದಿತ್ತು. ಎಡಗಿವಿಯ ಹತ್ತಿರ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದವರು ಸ್ನಾನ ಮಾಡಿ ನೇರ ಸಿನಿಮಾ ಟಾಕೀಸಿಗೆ ಹೋಗುತ್ತಿದ್ದರಂತೆ. ತಮಿಳೋ ತೆಲುಗೋ ಕನ್ನಡವೋ, ಯಾವುದಾದರೂ ಆಗಬಹುದಿತ್ತು. ಕೂರೋದು ಮಾತ್ರ ಗೋಡೆಯ ದೊಡ್ಡ ಸ್ಪೀಕರಿನ ಪಕ್ಕದಲ್ಲೇ. ಅಲ್ಲಿ ಕೂತರೆ ಸದ್ದು ಮೈಗೆ ಬಂದು ಬಡಿಯುತ್ತೆ, ಕಿವಿಯ ಹಂಗಿಲ್ಲ, ಅನ್ನೋರು. ಟಾಕೀಸು ಮುಚ್ಚಿದ ಮೇಲೆ ಅವರು ಮಂಕಾದದ್ದು ನೋಡಲಾರದೆ ಮನೆಯವರು ಆಂಡರ್ಸನ್‌ಪೇಟೆಯ ಅಂಗಡಿಯಿಂದ ಹಳೆಯ ಹೋಮ್ ಥಿಯೇಟರ್ ತಂದಿಟ್ಟರು. ಸಣ್ಣ ಸ್ಪೀಕರುಗಳು ಗೋಡೆಗೆ, ಗುಡುಗುವ ದೊಡ್ಡ ಡಬ್ಬ ನೆಲಕ್ಕೆ. ಮಾವ ಆ ಡಬ್ಬದ ಪಕ್ಕ ಕೂತು ಅದರ ಮೇಲೆ ಅಂಗೈ ಇಟ್ಟುಕೊಂಡೇ ಸಿನಿಮಾ ನೋಡುತ್ತಿದ್ದರು. ಆಯುಧಪೂಜೆಯ ಮಾರನೇ ದಿನದಿಂದ ಅದು ಮಾತಾಡಲಿಲ್ಲ. ಕೆಟ್ಟುಹೋಗಿದೆ ಅಂತ ನಾವು ಬಿಟ್ಟೆವು. ಅವರೂ ಟಿ.ವಿ. ಕಡೆ ಬೆನ್ನು ಹಾಕಿ ಮಲಗೋದು ಕಲಿತರು.

ಮಾವನವರನ್ನು ಆಸ್ಪತ್ರೆಯಿಂದ ಕರೆತರುವ ಹೊತ್ತಿಗೆ ನಾನು ದೇವರ ಗೂಡಿನಿಂದ ಗಂಗಾಜಲದ ಗಿಂಡಿ ಇಳಿಸಿಟ್ಟಿದ್ದೆ. ಕೊನೆಗಾಲದಲ್ಲಿ ತೀರ್ಥ ಕೇಳುತ್ತಾರೆ, ಬೂದಿಕೋಟೆ ಕಡೆಯ ಮನೆದೇವರನ್ನು ನೆನೆಯುತ್ತಾರೆ ಅಂದುಕೊಂಡಿದ್ದೆ. ಇವರು ಸಿನಿಮಾ ಕೇಳಿದ್ದರು. ಒಂದು ಗಳಿಗೆ ಮನಸ್ಸಿಗೆ ಪಿಚ್ಚೆನಿಸಿತು. ಆಮೇಲೆ, ಕೇಳಿಸಿಕೊಳ್ಳುವವನು ಸ್ವಾಮಿ, ನಡುವೆ ನಾನ್ಯಾರು ಅಂತ ಗಿಂಡಿಯನ್ನು ಪಕ್ಕಕ್ಕೆ ಸರಿಸಿದೆ.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿರಲಿಲ್ಲವಂತೆ. ಅದೊಂದು ಉಪಕಾರ. ಮಧ್ಯಾಹ್ನ ಕರೆಂಟೂ ಇತ್ತು, ಅದು ಇನ್ನೊಂದು. ಮಂಚವನ್ನು ಟಿ.ವಿ.ಗೆ ಎದುರಾಗಿ ತಿರುಗಿಸಿ, ದಿಂಬುಗಳನ್ನು ಒತ್ತಾಗಿಟ್ಟು ಕೂರಿಸಿದೆವು. ಉಸಿರು ಸಿಳ್ಳೆ ಹೊಡೆದ ಹಾಗೆ ಬರುತ್ತಿತ್ತು. ಮಗಳು ಕಾಲೇಜಿನ ಲ್ಯಾಪ್‌ಟಾಪ್ ತಂದು ಒಂದು ವೈರಿನಿಂದ ಟಿ.ವಿ.ಗೆ ಸಿಕ್ಕಿಸಿದಳು. ಕುದುರೆ, ಕತ್ತಿ, ಕೋಟೆ ಇರುವ ಹಳೆಯ ಸಿನಿಮಾ. ತಾತನಿಗೆಂದೇ ಯಾವಾಗಲೋ ಹಾಕಿಟ್ಟುಕೊಂಡಿದ್ದಳಂತೆ. ಚಿತ್ರ ಬಂತು. ಸದ್ದು ಟಿ.ವಿ.ಯೊಳಗೆ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಮಾವ ಪರದೆ ನೋಡಲಿಲ್ಲ. ಕೈ ಚಾಚಿ ಡಬ್ಬವನ್ನು ತಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ಸಿನಿಮಾ ಬಂತಲ್ಲಪ್ಪಾ, ನೋಡು," ಅಂತ ಮನೆಯವರು ಕಿವಿಯಲ್ಲಿ ಕೂಗಿದರು.

"ಎಲ್ಲಿ ಬಂತ್ಲಾ?" ಅಂದರು ಮಾವ.

ಡಬ್ಬ ಮಾತಾಡದೆ ಇದ್ದರೆ ಅವರಿಗೆ ಸಿನಿಮಾ ಇಲ್ಲ ಅನ್ನೋದು ನಮಗೆ ಆಗ ಹೊಳೆಯಿತು. ಮಗಳು ಇನ್ನೊಂದು ವೈರು ಹುಡುಕಿ ತಂದಳು. ಒಂದು ತುದಿಗೆ ಒಂದೇ ಪಿನ್ನು, ಅದು ಲ್ಯಾಪ್‌ಟಾಪಿಗೆ. ಇನ್ನೊಂದು ತುದಿಯ ಕೆಂಪು, ಬಿಳಿ ಪಿನ್ನುಗಳು ಡಬ್ಬದ ಬೆನ್ನಿಗೆ. ಡಬ್ಬಕ್ಕೆ ಮಾತ್ರ ಪಿನ್ನು ಹೋಗಲೊಲ್ಲದು. ಒತ್ತಿದಳು, ತಿರುಗಿಸಿದಳು. ಡಬ್ಬವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಮೊಬೈಲಿನ ಟಾರ್ಚು ಬಿಟ್ಟಾಗ ತೂತಿನೊಳಗೆಲ್ಲ ಕೆಂಪಗೆ, ಗಟ್ಟಿಯಾಗಿ ಏನೋ ಕಂಡಿತು. ನಾನು ಮುಟ್ಟಿ ನೋಡಿ ಬೆರಳು ಮೂಸಿದೆ. ಗಂಧ, ಕುಂಕುಮ.

ಗಣಿಯಲ್ಲಿ ಅವರದೊಂದು ಪದ್ಧತಿ. ಆಯುಧಪೂಜೆಗೆ ಕೊರೆಯುವ ಮೆಷಿನಿನ ಮೈಗಲ್ಲ, ಉಳಿ ಕೂರುವ ಅದರ ಬಾಯಿಗೇ ಬೊಟ್ಟು ಇಡಬೇಕು. ಬಾಯಿಗೆ ಇಟ್ಟರೆ ಅದು ಮನುಷ್ಯನನ್ನು ತಿನ್ನೋದಿಲ್ಲ ಅಂತ. ಈ ಸಲದ ಹಬ್ಬಕ್ಕೆ ಮಾವ ತಾವೇ ಡಬ್ಬದ ವೈರು ಬಿಚ್ಚಿ, ಒರೆಸಿ, ಗಂಧ ತೇಯ್ದು, ಬೆನ್ನಿನ ಒಂದೊಂದು ಬಾಯಿಗೂ ತುಂಬ ಬೊಟ್ಟು ಇಟ್ಟಿದ್ದರು. ಆಮೇಲೆ ವೈರು ಹಾಕುವಾಗ ಪಿನ್ನು ಅರ್ಧಕ್ಕೆ ನಿಂತದ್ದು ಯಾರಿಗೂ ತಿಳಿದಿರಲಿಲ್ಲ.

ಮಗಳು ತಾತನ ಎಡಗಿವಿಗೆ ಬಾಯಿಟ್ಟು, "ತಾತಾ, ಇದ್ರ್ ಬಾಯಿ ಕಟ್ಟಿದ್ದು ನೀನೇ ಕಣೋ. ಮೂರು ತಿಂಗ್ಳಿಂದ ಕುಂಕುಮ ತಿನ್ನಿಸ್ಬಿಟ್ಟು ಉಪವಾಸ ಕೆಡವಿದ್ದೀಯ," ಅಂದಳು.

ನಾನು ಸೆರಗಿನ ಪಿನ್ನು ಬಿಚ್ಚಿಕೊಟ್ಟೆ. ಸ್ವಿಚ್ಚು ಆರಿಸಿ ಅವಳು ಕೆದಕತೊಡಗಿದಳು. ನಾನು ಕೆಳಗೆ ಬಟ್ಟೆ ಹಿಡಿದು ಕೂತೆ. ದೇವರ ಕುಂಕುಮ, ನೆಲಕ್ಕೆ ಬೀಳಬಾರದು. ಕೆಂಪು ಪುಡಿ ಚೂರುಚೂರಾಗಿ ಉದುರಿತು. ಮಾವ ಕುತ್ತಿಗೆ ಬಗ್ಗಿಸಿ ನೋಡುತ್ತಿದ್ದರು. ಆ ಮುಖದಲ್ಲಿ ನಗು ಕಂಡು ಎಷ್ಟೋ ವಾರವಾಗಿತ್ತು.

"ನಿಧಾನ ಕಣವ್ವಾ," ಅಂದರು. "ಮೇಲಿಂದ ಬಂಡೆ ಉದುರೀತು."

ಮನೆಯವರು ಎದ್ದು ಹಿತ್ತಲಿಗೆ ಹೋದರು. ನಾನು ಅಳಲಿಲ್ಲ. ಒಳಗೆಲ್ಲ ಮರಗಟ್ಟಿತ್ತು, ಬಟ್ಟೆ ಹಿಡಿದ ಕೈ ಮಾತ್ರ ನನ್ನದು ಅನ್ನಿಸುತ್ತಿತ್ತು.

ಪಿನ್ನು ಕಟಕ್ ಅಂತ ಒಳಗೆ ಕೂತಿತು. ಆದರೂ ಸದ್ದು ಟಿ.ವಿ.ಯಲ್ಲೇ. ಮಗಳು ಲ್ಯಾಪ್‌ಟಾಪಿನಲ್ಲಿ ಏನೋ ಬದಲಾಯಿಸಿದಳು, ರಿಮೋಟು ಹುಡುಕಿ ಒಂದೊಂದೇ ಗುಂಡಿ ಒತ್ತಿದಳು. ಒಂದು ಗುಂಡಿಗೆ ಡಬ್ಬ ಗುಡುಗಿತು. ಗೋಡೆಯ ಕ್ಯಾಲೆಂಡರು ಅಲ್ಲಾಡಿತು. ಮಾವನವರ ಅಂಗೈಯನ್ನು ನಾನೇ ಹಿಡಿದು ಡಬ್ಬದ ಮೇಲಿಟ್ಟೆ. ಬೆರಳು ಮೊದಲು ಸುಮ್ಮನೆ ಮಲಗಿತ್ತು. ಕುದುರೆಗಳು ಓಡತೊಡಗಿದ ಮೇಲೆ ಒಂದೊಂದಾಗಿ ಅಗಲವಾಯಿತು.

"ಈಗ್ ಬಂತು," ಅಂದರು.

ಅವರು ಹೋದದ್ದು ಸಂಕ್ರಾಂತಿ ಕಳೆದ ಮೇಲೆ, ಹಗಲಲ್ಲೇ, ಎಲ್ಲರೂ ಮನೆಯಲ್ಲಿದ್ದಾಗ. ತೀರ್ಥವನ್ನೂ ನನ್ನ ಕೈಯಿಂದಲೇ ಕುಡಿದರು. ಇದನ್ನೆಲ್ಲ ಉಪಕಾರ ಅಂತ ಈಗಲೂ ಒಂದೊಂದಾಗಿ ಎತ್ತಿಟ್ಟುಕೊಳ್ಳುತ್ತೇನೆ. ಬೇರೇನೂ ಮಾಡಲು ತಿಳಿಯುವುದಿಲ್ಲ.

ಸಿನಿಮಾ ಹಾಕಿದ ಆ ಮಧ್ಯಾಹ್ನ, ಉದುರಿದ ಕುಂಕುಮವನ್ನು ಬಟ್ಟೆಯಲ್ಲಿ ಕಟ್ಟಿ ತುಳಸಿ ಬುಡಕ್ಕೆ ಹಾಕಿ ಬಂದೆ. ಮನೆಯವರು ಮುಖ ತೊಳೆದುಕೊಂಡು ಅಪ್ಪನ ಕಾಲ ಬಳಿ ಕೂತಿದ್ದರು. ಪರದೆಯ ಮೇಲೆ ಕತ್ತಿಗೆ ಕತ್ತಿ ತಾಗುತ್ತಿತ್ತು. ಅವರೆಕಾಳು ರಾತ್ರಿಯಿಂದ ನೀರಿನಲ್ಲೇ ಇತ್ತು, ಇನ್ನೂ ಬಿಟ್ಟರೆ ಹುಳಿ ವಾಸನೆ ಬರುತ್ತೆ. ಮಣೆ ಎಳೆದುಕೊಂಡು ಕೂತು ಪಾತ್ರೆಯ ತಟ್ಟೆ ತೆಗೆದೆ. ಡಬ್ಬದ ಗುಡುಗು ನೆಲದೊಳಗಿಂದ ಅಡುಗೆಮನೆವರೆಗೂ ಬರುತ್ತಿತ್ತು, ಪಾತ್ರೆಯ ನೀರು ಸಣ್ಣಗೆ ನಡುಗುತ್ತಿತ್ತು. ಆ ನೀರಿಗೆ ಕೈ ಹಾಕಿ ಒಂದು ಕಾಳು ತೆಗೆದು ಹಿಸುಕಿದೆ.