ಷಡ್ಜ ಬಿಡುವ ಪಾಠ

ನಯನಾಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹಾಗಾಗಿ ಅವಳು ಗಿಟಾರ್ ಕಲಿತದ್ದನ್ನು ಕನಕಪುರದಲ್ಲಿ ನನ್ನಷ್ಟು ಅನುಭವಿಸಿದವರು ಬೇರೆ ಯಾರೂ ಇಲ್ಲ. ನಾನು ಒಲೆ ಹಚ್ಚುವಾಗ ಶುರುವಾದರೆ ಅನ್ನ ಆಗಿ, ಸಾರು ಆಗಿ, ಊಟ ಮುಗಿದರೂ ಅದೇ ಒಂದು ಹಿಡಿತ, ಮತ್ತೆ ಅದೇ. "ಬೇರೆ ಏನಾರ ಬಾರ್ಸವ್ವಾ ತಾಯಿ" ಎಂದು ಗೋಡೆ ಬಡಿದು ಕೂಗಿದ್ದೂ ಉಂಟು.

ಅವಳು ಖಾಸಗಿ ಶಾಲೆಯೊಂದರಲ್ಲಿ ಸಂಗೀತದ ಮೇಡಂ. ತಂದೆ ಬಸವಯ್ಯನವರದು ಭಜನೆ ಮಂಡಳಿ. ಅಪ್ಪ ಮುಂದೆ ಕೂತು ಹಾಡುತ್ತಾರೆ, ಮಗಳು ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಾಳೆ. ಲಂಗ ಹಾಕುತ್ತಿದ್ದ ಕಾಲದಿಂದ ಅವಳಿಗೆ ಇದೇ ಕೆಲಸ: ಸ, ಪ, ಸ. ಹಾಡಿದವರಿಗೆಲ್ಲ ಹಾರ ಬೀಳುತ್ತದೆ, ಪೆಟ್ಟಿಗೆಯವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವಳಿಗೂ ಉರಿಯುತ್ತಿತ್ತು ಅನ್ನುವುದು ಮನೆಗೆ ಗಿಟಾರ್ ಬಂದ ಮೇಲೆ ಗೊತ್ತಾಯಿತು.

ರಾಮನಗರದಲ್ಲಿ ಲೋಕೇಶ್ ಅನ್ನುವವನ ಬ್ಯಾಂಡ್ ಇದೆ. ಅವನು ಡ್ರಮ್ಸ್ ನುಡಿಸುತ್ತಾನೆ. ಶನಿವಾರ ಬಂದರೆ ಮೈಸೂರು ರಸ್ತೆಯ ರೆಸಾರ್ಟುಗಳಲ್ಲಿ ಇವರ ಜಾಝ್, ಬ್ಲೂಸ್, ಫಂಕ್ ಇರುತ್ತದೆ. ಅವರ ಗಿಟಾರಿನವನು ಬಿಟ್ಟುಹೋಗಿ ಆ ಜಾಗ ಖಾಲಿಯಾಗಿತ್ತು. ನಯನಾಳ ಶಾಲೆಯ ಒಬ್ಬ ಹುಡುಗಿಯ ಸೋದರಮಾವ ಮುಬಶ್ಶಿರ್ ಅದೇ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಅವನ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕಸುಬು. "ಒಂದ್ಸಲ ಬಂದು ನುಡಿಸಿ ತೋರ್ಸಿ ಮೇಡಂ" ಎಂದು ಅವನೇ ಕರೆದ. ಅಂದಿನಿಂದ ಇವಳ ನಿದ್ದೆ ಹಾರಿಹೋಯಿತು.

ಮೂರು ಸ್ವರ ಒಟ್ಟಿಗೆ ಹಿಡಿದು ಮೀಟುವ ಸಾದಾ ಕಾರ್ಡುಗಳು ಅವಳಿಗೆ ಬರುತ್ತಿದ್ದವು. ಆದರೆ ಆ ಸಂಗೀತಕ್ಕೆ ನೈನ್ತು, ಥರ್ಟೀನ್ತು ಅಂತ ದೊಡ್ಡ ಕಾರ್ಡುಗಳು ಬೇಕು. ಬಸವಯ್ಯನವರು ಕೇಳಿ ರೇಗಿದರು.

"ಇರಾದೇ ಏಳು ಸ್ವರ. ಒಂಬತ್ತು, ಹದಿಮೂರು ಎಲ್ಲಿಂದ ತಂದ್ಯವ್ವಾ?"

ನಯನಾ ಏಳು ಕಳೆದು ತೋರಿಸಿದಳು. ಒಂಬತ್ತು ಅಂದರೆ ಮೇಲಿನ ರಿ, ಹದಿಮೂರು ಅಂದರೆ ಮೇಲಿನ ಧ.

"ಅಂಗಾದ್ರೆ ನಮ್ದೇಯಾ" ಎಂದು ಅವರು ಸಮಾಧಾನಗೊಂಡರು.

ತೊಡಕು ಬಂದದ್ದು ಇನ್ನೊಂದು ಕಡೆ. ನೈನ್ತಿಗೆ ಸ, ಗ, ಪ, ನಿ, ರಿ ಸೇರಬೇಕು. ಎಲ್ಲವನ್ನೂ ಹಿಡಿದು ನುಡಿಸಿದರೆ ಗಿಜಿಗಿಜಿ. ಒಮ್ಮೆ ಮನೆಗೆ ಬಂದ ಮುಬಶ್ಶಿರ್ ಕೇಳಿ ಕೈ ಅಡ್ಡ ಹಿಡಿದ.

"ಮೇಡಂ, ಸ ಬಿಟ್ಬಿಡಿ. ಅದು ನಂದು, ಕೆಳಗಡೆ ನಾನು ಕೊಡ್ತೀನಿ. ಪ ಕೂಡ ಇಲ್ದಿದ್ರೆ ನಡೀತದೆ. ನೀವು ಗ, ನಿ, ರಿ ಅಷ್ಟೇ ನೋಡ್ಕೊಳಿ."

ಹೇಳಿ ಟೀ ಕುಡಿದು ಹೋದ. ಸ, ಪ ಒತ್ತುತ್ತಲೇ ಬೆಳೆದ ಕೈಗೆ ಅವೆರಡನ್ನೇ ಬಿಡು ಅಂದರೆ ಹೇಗಾಗಬೇಡ? ಅವಳ ತಲೆ ಒಪ್ಪಿಕೊಂಡಿತು, ಬೆರಳು ಒಪ್ಪಲಿಲ್ಲ. ಸ್ವಲ್ಪ ಮೈಮರೆತರೆ ಸಾಕು, ಕಳ್ಳಬೆಕ್ಕಿನಂತೆ ಹೋಗಿ ಸ ಮೇಲೆ ಕೂರುತ್ತಿತ್ತು. ಹಠ ಹಿಡಿದು ಬಿಟ್ಟು ನುಡಿಸಿದರೆ ಇನ್ನೊಂದು ಫಜೀತಿ. ಕೆಳಗೆ ಸ ಇಲ್ಲದೆ ಕಿವಿ ದಾರಿ ತಪ್ಪಿ, ಗ ಅನ್ನೇ ಸ ಅಂದುಕೊಳ್ಳುತ್ತಿತ್ತು. ಆಗ ಬಸವಯ್ಯನವರು ಒಳಗಿನಿಂದಲೇ ಕೂಗುತ್ತಿದ್ದರು: "ಸ ಇಲ್ದಿದ್ ಸಂಗೀತ ಯಾವ್ ಸೀಮೇದವ್ವಾ ಇದು?"

ದಿನ ಹತ್ತಿರ ಬಂದಂತೆ ಅವಳು ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು. ಬಟ್ಟೆ ಒಣಹಾಕುತ್ತ ಗೋಡೆಯಾಚೆಯಿಂದ ಕೇಳಿದಳು, "ಅಕ್ಕಾ, ಆಗ್ದೇ ಹೋದ್ರೆ?"

"ಆಗ್ದಿದ್ರೆ ಏನಾಯ್ತು, ತಲೆ ಹೋಯ್ತದಾ?"

"ತಲೆ ಹೋಗಲ್ಲ ಕಣಕ್ಕಾ. ಸಾಯೋಗಂಟ ಪೆಟ್ಟಿಗೆ ಒತ್ಕಂಡು ಕೂರ್ಬೇಕಾಯ್ತದೆ."

ಒಳಗೆ ಹೋಗಿ ಒಂದು ತಟ್ಟೆ ಅನ್ನ ಕಲಸಿ ತಂದು ಅವಳ ಕೈಗೆ ಕೊಟ್ಟೆ.

ನುಡಿಸಿ ತೋರಿಸುವ ದಿನ ರಾಮನಗರದ ಬಸ್ಸಿಗೆ ಮೂವರೂ ಹೊರಟೆವು. ಮಗಳೊಬ್ಬಳನ್ನೇ ಕಳಿಸಲು ಬಸವಯ್ಯನವರಿಗೆ ಮನಸ್ಸಿಲ್ಲ, ಇವರಿಬ್ಬರನ್ನೇ ಕಳಿಸಲು ನನಗೆ ಧೈರ್ಯವಿಲ್ಲ. ದಾರಿಯುದ್ದಕ್ಕೂ ನಯನಾಳ ಎಡಗೈ ಬೆರಳು ಸೀಟಿನ ಕಂಬಿಯ ಮೇಲೆ ಕಾರ್ಡ್ ಹಿಡಿಯುತ್ತಲೇ ಇತ್ತು. "ಮುಬಶ್ಶಿರ್ ಇರ್ತಾರಲ್ಲ, ಸ ಅವ್ರು ಕೊಡ್ತಾರೆ" ಎಂದು ನನಗೆ ಹೇಳುವವಳ ಹಾಗೆ ತನಗೇ ಹೇಳಿಕೊಂಡಳು.

ಅಂಗಡಿಯೊಂದರ ಮಹಡಿಯ ಕೋಣೆಗೆ ಹೋದರೆ ಮುಬಶ್ಶಿರ್ ಇಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ತಡವಾಗಿ ಸಿಕ್ಕಿಕೊಂಡಿದ್ದಾನೆ ಎಂದ ಲೋಕೇಶ್. "ಕಾಯೋಕೆ ಆಗಲ್ಲ ಮೇಡಂ. ಚನ್ನಪಟ್ಟಣದಿಂದ ಇನ್ನೊಬ್ರು ಗಿಟಾರಿನವ್ರು ಬರ್ತಾವ್ರೆ. ನಾವಿಬ್ರೇ ನುಡ್ಸೋಣ."

ನಯನಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೆ ಆ ಮುಬಶ್ಶಿರ್ ಕಣ್ಣ ಮುಂದೆ ಸಿಕ್ಕಿದ್ದರೆ ಅವನನ್ನೇ ಹರಾಜು ಹಾಕಿಬಿಡುತ್ತಿದ್ದೆ. ಲೋಕೇಶ್ ತಾಳ ಹಿಡಿದ, ಇವಳು ಶುರು ಮಾಡಿದಳು. ಮೊದಲ ಸುತ್ತಿನಲ್ಲೇ ಬೆರಳು ಓಡಿಹೋಗಿ ಸ ಹಿಡಿಯಿತು. ಲೋಕೇಶ್ ಕತ್ತು ಅಲ್ಲಾಡಿಸಿದ. "ಅದು ಬೇಸ್ ಜಾಗ ಮೇಡಂ. ಬಿಡಿ."

ಬಿಟ್ಟಳು. ಬಿಟ್ಟ ಕೂಡಲೇ ನಾದ ತೇಲತೊಡಗಿತು. ತಲೆ ಬುಡ ತಿಳಿಯದ ನನಗೂ ಅವಳು ಎಲ್ಲೋ ಕಳೆದುಹೋಗುತ್ತಿದ್ದಾಳೆ ಅನ್ನುವುದು ತಿಳಿಯಿತು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ.

ಆಗ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಸಣ್ಣಗೆ ಒಂದು ದನಿ ಎದ್ದಿತು. ಬಸವಯ್ಯನವರು ಕಣ್ಣು ಮುಚ್ಚಿಕೊಂಡು ಸ ಹಿಡಿದಿದ್ದರು. ಭಜನೆಯಲ್ಲಿ ಯಾರಾದರೂ ತಪ್ಪಿದರೆ ಅವರು ಹಿಡಿಯುವುದೇ ಹಾಗೆ. ಬೇಕೆಂದು ಮಾಡಿದ್ದಲ್ಲ, ಶ್ರುತಿ ಬಿದ್ದದ್ದನ್ನು ತಡೆಯಲಾಗಲಿಲ್ಲ, ಅಷ್ಟೆ. ಕಾರ್ಡ್ ಬದಲಾದಾಗ ಅವರ ಸ್ವರವೂ ಮ ಗೆ ಇಳಿಯಿತು, ತಿರುಗಿ ಸ ಗೆ ಬಂತು. ಲೋಕೇಶ್ ನಗುತ್ತಾನೇನೋ ಅಂದುಕೊಂಡೆ. ಅವನು ಡ್ರಮ್ ಮೇಲಿನ ಕೈ ಹಗುರ ಮಾಡಿದ. ನಯನಾಳ ಬೆರಳು ಗ, ನಿ, ರಿ ಮೇಲೆ ನಿಂತಿತು. ಅದೇ ಮೂರು ಸ್ವರ, ಈಗ ಮನೆ ಸೇರಿದಂತಿತ್ತು. ಕೊನೆಯವರೆಗೂ ಅವಳು ಸ ಮುಟ್ಟಲಿಲ್ಲ.

"ಶನಿವಾರ ಬಂದ್ಬಿಡಿ ಮೇಡಂ" ಎಂದ ಲೋಕೇಶ್. ಚನ್ನಪಟ್ಟಣದವರಿಗೆ ಬರಬೇಡಿ ಎಂದು ಫೋನ್ ಮಾಡಲು ಹೊರಗೆ ಹೋದ.

ವಾಪಸ್ ಬಸ್ಸಿನಲ್ಲಿ ಮೊದಲು ಬಸವಯ್ಯನವರೇ ಬಾಯಿ ಬಿಟ್ಟರು. "ಏನೇ ಆಗ್ಲಿ, ಸ ಬುಡಬಾರ್ದವ್ವಾ."

"ನಾನೆಲ್ಲಿ ಬುಟ್ಟೆ?" ಎಂದಳು ನಯನಾ. "ನಿನ್ ತವ ಇತ್ತಲ್ಲಪ್ಪಾ."

ಹೇಳಿದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಸವಯ್ಯನವರು ಕಿಟಕಿ ಕಡೆ ತಿರುಗಿ ಕೂತರು. ಬಸ್ಸು ಕನಕಪುರ ಸೇರುವ ಹೊತ್ತಿಗೆ ನನ್ನ ಕಡೆ ಬಗ್ಗಿ, ಮಗಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು:

"ಶನಿವಾರ ಆ ಮುಬಶ್ಶಿರ್ ಟೈಮಿಗೆ ಬತ್ತಾನೇನವ್ವಾ?"