ಕಡಿಯುವ ಮರಕ್ಕೆ ಹಚ್ಚುವ ಮದ್ದು

ರೋಗಿಗೆ ಕಾಯಿಲೆಯನ್ನು ವಿವರಿಸುವಾಗ ನಿಮ್ಮ ಕಸುಬಿನಿಂದ ಹೋಲಿಕೆ ತೆಗೆಯಬೇಡಿ. ನಾನು ತೆಗೆದೆ. ನನ್ನ ಅಕ್ಕನ ಗಂಡ ಮೂರನೆಯ ಸುತ್ತಿನ ಇಂಜೆಕ್ಷನ್ನಿಗೆ ಬರುವುದಿಲ್ಲ ಎಂದು ಕೂತುಬಿಟ್ಟರು.

ಸುಳ್ಯದಲ್ಲಿ ನನ್ನದು ರಬ್ಬರ್ ವ್ಯಾಪಾರ. ಒಣಗಿಸಿದ ರಬ್ಬರ್ ಶೀಟ್ ಕೊಳ್ಳುತ್ತೇನೆ, ಮುದಿ ತೋಟಗಳನ್ನು ಕಡಿಯುವ ಗುತ್ತಿಗೆಯನ್ನೂ ಹಿಡಿಯುತ್ತೇನೆ. ಚೌಕಾಶಿ ಮಾಡಿ ಮಾಡಿಯೇ ಮೇಲೆ ಬಂದವನು. ಭಾವನದು ಕಡಬದ ಹತ್ತಿರ ಸಣ್ಣ ರಬ್ಬರ್ ತೋಟ. ಎಪ್ಪತ್ತು ದಾಟಿದ ಮೇಲೆ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮೈಯಲ್ಲಿ ಅಲ್ಲಲ್ಲಿ ನೀಲಿ ಕಲೆ. ಮಂಗಳೂರಿನಲ್ಲಿ ಮೂಳೆಯ ಮಜ್ಜೆ ತೆಗೆದು ನೋಡಿ, ರಕ್ತದ ಕ್ಯಾನ್ಸರಿನ ಜಾತಿಯದ್ದು ಎಂದರು. ತಿಂಗಳಿಗೆ ಏಳು ದಿನ ಚರ್ಮದಡಿಗೆ ಇಂಜೆಕ್ಷನ್, ಅದು ಒಂದು ಸುತ್ತು. ಅದನ್ನು ಪುತ್ತೂರಿನ ದರ್ಬೆಯ ಆಸ್ಪತ್ರೆಯಲ್ಲೇ ಕೊಡುವ ಏರ್ಪಾಡಾಯಿತು.

ಮೊದಲ ದಿನವೇ ಅಲ್ಲಿಯ ಡಾಕ್ಟರ ಹತ್ತಿರ ಮಾತಿಗಿಳಿದೆ. ಏಳು ದಿನದ್ದನ್ನು ಎರಡೇ ದಿನದಲ್ಲಿ ದೊಡ್ಡ ಡೋಸಾಗಿ ಕೊಟ್ಟು ಮುಗಿಸಬಾರದೇ ಎಂದೆ. ಅವರು ಒಂದಿಂಚೂ ಬಗ್ಗಲಿಲ್ಲ. ವಯಸ್ಸಾದಂತೆ ಜೀನುಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವಂತೆ, ಕೆಲವು ಕಡೆ ಉದುರುತ್ತವಂತೆ. ಜೀನಿನ ಬರಹ ಬದಲಾಗುವುದಿಲ್ಲ, ಗುರುತು ಕೂತಲ್ಲಿ ಶರೀರ ಅದನ್ನು ಓದುವುದನ್ನು ಬಿಡುತ್ತದೆ. ಎಪಿಜೆನೆಟಿಕ್ ಬದಲಾವಣೆ ಎಂದರೆ ಇದೇ. ಮುಪ್ಪಿನಲ್ಲಿ ಎಲ್ಲರಿಗೂ ಇಷ್ಟಿಷ್ಟು ಇರುವಂಥದ್ದು. ಭಾವನ ಮಜ್ಜೆಯಲ್ಲಿ ಅದು ದಾರಿ ತಪ್ಪಿ, ರಕ್ತದ ಕಣಗಳನ್ನು ಬಲಿಯಿಸುವ ಜೀನುಗಳೇ ಮುಚ್ಚಿಹೋಗಿವೆ. ಕೆಲವು ಜೀನು ನಿಜಕ್ಕೂ ಕೆಟ್ಟಿವೆ, ಅವು ರಿಪೇರಿಯಾಗುವುದಿಲ್ಲ. ಮುಚ್ಚಿದವುಗಳನ್ನು ಈ ಮದ್ದು ತೆರೆಯಬಹುದು. ಆದರೆ ಕಣ ಒಡೆದು ಎರಡಾಗುವ ಹೊತ್ತಿಗೇ ಅದು ಒಳಸೇರಬೇಕು. ಹಾಗಾಗಿ ಸ್ವಲ್ಪ ಸ್ವಲ್ಪ, ಬಿಡದೆ. ಡೋಸು ದೊಡ್ಡದಾದರೆ ಕಣವನ್ನೇ ಕೊಲ್ಲುತ್ತದೆ. ಫಲ ಕಾಣಲು ನಾಲ್ಕಾರು ಸುತ್ತು ಬೇಕು, ಅಷ್ಟರೊಳಗೆ ರಕ್ತದ ಕಣಗಳ ಲೆಕ್ಕ ಇನ್ನೂ ಇಳಿಯಬಹುದು, ಎಲ್ಲರಿಗೂ ಹಿಡಿಯುವುದೂ ಇಲ್ಲ.

ಆಗ ಭಾವ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ವಾಪಸು ಬರುವಾಗ, ಸವಣೂರಿನ ಹತ್ತಿರ, ಡಾಕ್ಟ್ರು ಎಂತ ಹೇಳಿದರು ಎಂದು ಕೇಳಿದರು. ನಾನು ಬಾಯಿಗೆ ಬಂದದ್ದನ್ನು ಹೇಳಿದೆ.

"ಮುದಿ ರಬ್ಬರ್ ಮರದ ತೊಗಟೆಯ ಪಟ್ಟೆಗೆ ಮದ್ದು ಹಚ್ಚಿದರೆ ಹಾಲು ಇಳಿಯುದಿಲ್ವಾ ಭಾವ? ಹಾಗೆಯೇ ಇದು."

ಅವರು ಕಿಟಕಿಯ ಕಡೆ ತಿರುಗಿದರು. ಸುಸ್ತು ಎಂದುಕೊಂಡೆ.

ಎರಡನೆಯ ಸುತ್ತು ಮುಗಿದಾಗ ರಕ್ತದ ಅಂಕಿ ಮೊದಲಿಗಿಂತ ಕೆಳಗೆ. ಹೊರಗಿನಿಂದ ರಕ್ತ ಕೊಡಬೇಕಾಯಿತು. ಇಳಿಯುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರೂ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶೀಟ್ ತೂಗುತ್ತಿರುವಾಗಲೂ ಮೊಬೈಲು ತೆಗೆದು ಅದೇ ರಿಪೋರ್ಟು ನೋಡುವುದು, ಇಡುವುದು, ಮತ್ತೆ ತೆಗೆಯುವುದು. ನೋಡಿದ್ದಕ್ಕೆ ಅಂಕಿ ಏರುತ್ತದೆಯೇ!

ಮೂರನೆಯ ಸುತ್ತಿನ ದಿನ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರೆ ಭಾವ ಲುಂಗಿಯಲ್ಲೇ ಕೂತಿದ್ದಾರೆ. ಅಕ್ಕ ಬಾಗಿಲ ಸಂದಿಯಿಂದ ನನಗೆ ಕೈಸನ್ನೆ ಮಾಡಿದಳು, ಮಾತಾಡು ಎಂದು.

"ಆ ಮದ್ದು ನೀವು ಯಾವ ಮರಕ್ಕೆ ಹಚ್ಚುದು?" ಎಂದು ಭಾವ ಕೇಳಿದರು. "ಕಡಿಯುವ ಮರಕ್ಕಲ್ವಾ? ಗರಗಸ ಇಡುವ ಮೊದಲು ಇದ್ದದ್ದನ್ನೆಲ್ಲ ಹಿಂಡಿ ತೆಗೀಲಿಕ್ಕೆ. ನನಗೂ ಆ ಲೆಕ್ಕವೇ ಅಂತ ಹೇಳಿದ್ದರೆ ಮನೆಯಲ್ಲೇ ಇರ್ತಿದ್ದೆ."

ಮಾತು ಸುಳ್ಳಲ್ಲ. ನಾನು ಗುತ್ತಿಗೆಗೆ ಹಿಡಿದ ತೋಟದಲ್ಲಿ ಕೊನೆಯ ವರ್ಷ ಮಾಡುವುದು ಅದನ್ನೇ. ಎರಡು ತಿಂಗಳಿಂದ ಈ ಮನುಷ್ಯ ತನ್ನ ಬುಡಕ್ಕೆ ಗರಗಸ ಬರುವುದನ್ನು ಕಾಯುತ್ತಾ ಸುಮ್ಮನೆ ಕೈಚಾಚಿ ಮಲಗಿದ್ದರು.

ಅವರ ತೋಟದಲ್ಲಿ ಅವರು ಎಂದೂ ಆ ಮದ್ದು ಹಚ್ಚಿದವರಲ್ಲ. ಹಾಲು ನಿಂತ ಮರಕ್ಕೆ ಗುರುತಿಗೆ ಕೆಂಪು ಬಟ್ಟೆ ಕಟ್ಟಿ, ತಿಂಗಳುಗಟ್ಟಲೆ ಕತ್ತಿ ತಾಗಿಸದೆ ಬಿಡುವುದು ಅವರ ಕ್ರಮ. ಅಂಗಳದಿಂದಲೇ ಅಂಥದ್ದೊಂದು ಕಾಣುತ್ತಿತ್ತು.

"ಅದು ಸತ್ತಿದೆಯಾ?" ಎಂದು ಆ ಮರ ತೋರಿಸಿ ಕೇಳಿದೆ.

"ಇಲ್ಲ. ಹಾಲು ನಿಂತದ್ದು ಅಷ್ಟೆ."

"ಡಾಕ್ಟ್ರು ನಿಮಗೆ ಮಾಡುದೂ ಹಾಗೆಯೇ. ಹಿಂಡುದಲ್ಲ, ನಿಂತದ್ದನ್ನು ಬಿಡಿಸಲಿಕ್ಕೆ ನೋಡುದು. ನಾನು ಹೇಳಿದ್ದೇ ತಪ್ಪು."

ಅವರು ಆ ಮರವನ್ನು ನೋಡಿದರು. "ಬಟ್ಟೆ ಕಟ್ಟಿದ ಮರಕ್ಕೆಲ್ಲ ಹಾಲು ವಾಪಸು ಬರುದಿಲ್ಲ. ನಿಮಗೆ ಗೊತ್ತುಂಟು."

"ಗೊತ್ತುಂಟು," ಎಂದೆ. ವ್ಯಾಪಾರದಲ್ಲಿ ನಾನು ಇಂಥ ಮಾತು ಒಪ್ಪಿಕೊಂಡವನಲ್ಲ. ಆದರೆ ಅದನ್ನು ಒಪ್ಪಿದ ಮೇಲೆಯೇ ಅವರು ಏಳಲು ಅಕ್ಕನ ಕಡೆ ಕೈ ನೀಡಿದ್ದು.

"ಆರು ಸುತ್ತು ನೋಡುವ. ಆದರೆ ಇನ್ನು ಡಾಕ್ಟ್ರ ಹತ್ತಿರ ನಾನೇ ಮಾತಾಡುದು. ನೀವು ಹೊರಗೆ ಕೂತ್ಕೊಳ್ಳಿ."

ಚೌಕಾಶಿಗೆ ಎಡೆಯೇ ಕೊಡಲಿಲ್ಲ.

ಹಾಗೆ ದರ್ಬೆಯಲ್ಲಿ ಹೊರಗಿನ ಬೆಂಚು ನನಗೆ ಖಾಯಂ ಆಯಿತು. ನಾಲ್ಕನೆಯ ಸುತ್ತಿನ ನಂತರದ ರಿಪೋರ್ಟು ಬಂದ ದಿನವೂ ಅಲ್ಲೇ. ಬಾಗಿಲಿನವರೆಗೆ ಹೋದೆ, ಒಳಗೆ ಭಾವ ನಿಧಾನಕ್ಕೆ ಏನೋ ಕೇಳುತ್ತಿದ್ದದ್ದು ಕೇಳಿಸಿತು. ಹಿಡಿಕೆಗೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದು, ಬೆಂಚಿಗೆ ಬಂದು ಕೂತೆ.