ಹಳೇಬೀಡಿನಿಂದ ಎರಡು ಟಿಕೆಟ್

ಯಾರೋ ಬಂದು ಮಾತಾಡಿಸಿದರು, ತಿರುಗಿ ನೋಡಿದರೆ ಇರಲಿಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ, ಅವರು ಕನಸಿನಲ್ಲಾದರೂ ಬಂದರಾ ಎಂದು ಕೇಳಿದವರಿಗೆಲ್ಲ ಇಲ್ಲ ಎಂದೇ ಹೇಳಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ಇಲ್ಲದ್ದನ್ನು ಸೇರಿಸಿ ಬರೆಯಲು ಬರುವುದಿಲ್ಲ. ಮಕ್ಕಳೇ, ಇದು ನಾಚಿಕೆಯ ಕಾಯಿಲೆಯ ವಿಷಯ. ನಗು ಬಂದರೆ ನಕ್ಕುಬಿಡಿ, ಆದರೆ ಪೂರ್ತಿ ಓದಿ.

ನನಗೆ ಮೂಲವ್ಯಾಧಿ ಇತ್ತು. ನಮ್ಮ ಕಡೆ ಹೆಂಗಸರು ಅದರ ಹೆಸರು ಎತ್ತುವುದಿಲ್ಲ, 'ಉಷ್ಣ' ಎಂದುಬಿಡುತ್ತೇವೆ. ಬಾಯಿಹುಣ್ಣೂ ಉಷ್ಣ, ಕಣ್ಣುರಿಯೂ ಉಷ್ಣ, ಇದೂ ಉಷ್ಣ. ಮಜ್ಜಿಗೆ ಕುಡಿದೆ, ಮೆಂತ್ಯ ನೆನೆಸಿ ತಿಂದೆ. ಹತ್ತಿರದ ಡಾಕ್ಟರಿಗೆ "ಉಷ್ಣ ಆಗೈತೆ ಸಾರ್" ಎಂದೆ. ಅವರು ನಾಲಿಗೆ ನೋಡಿ ಬಾಯಿಹುಣ್ಣಿನ ಮಾತ್ರೆ ಬರೆದುಕೊಟ್ಟರು. ಅವರದೇನು ತಪ್ಪು?

ದಿನಾ ರಕ್ತ ಹೋಗುತ್ತಿತ್ತು. ಮನೆಯವರು ಏಳುವ ಮೊದಲೇ ಹಿತ್ತಿಲ ಕಲ್ಲಿನ ಮೇಲೆ ಸೀರೆ ಒಗೆದು ಹರವುತ್ತಿದ್ದೆ. ಅಡುಗೆಕಟ್ಟೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದೆ. ಒಂದು ದಿನ ನೀರಿನ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ನನಗೇ ಅನಿಸಿತು. ಅರಸೀಕೆರೆಯ ಆಸ್ಪತ್ರೆಗೆ ಹೋಗುವುದು, ಈ ಸಲ ಇದ್ದದ್ದನ್ನು ಹೇಳಿಯೇ ಬರುವುದು ಎಂದು ತೀರ್ಮಾನಿಸಿದೆ. ನಿಮ್ಮ ಅಮ್ಮನಿಗೆ ಮಾತ್ರ, ಕನ್ನಡಕ ಮಾಡಿಸಲು ಹೋಗುತ್ತೇನೆ ಎಂದು ಸುಳ್ಳು ಹೇಳಿದೆ.

ಮಾದಿಹಳ್ಳಿಯಿಂದ ಹಳೇಬೀಡಿಗೆ ಬಂದು ಅರಸೀಕೆರೆ ಬಸ್ಸು ಹತ್ತಿದಾಗ ಬೆಳಗಿನ ಹತ್ತು ಗಂಟೆ. ಸೀಟುಗಳು ಬೇಕಾದಷ್ಟು ಖಾಲಿ ಇದ್ದವು. ಕೂರಲಾರದೆ ಕಂಬ ಹಿಡಿದು ನಿಂತೆ. ಕಂಡಕ್ಟರಿಗೆ ಆಧಾರ್ ತೋರಿಸಿ, ಅವನು ಕೊಟ್ಟ ಫ್ರೀ ಟಿಕೆಟನ್ನು ಅದರ ಜೊತೆಗೇ ಚೀಲಕ್ಕೆ ಹಾಕಿಕೊಂಡೆ. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದಳು. ನನ್ನದೇ ವಯಸ್ಸು, ಹಸಿರು ಸೀರೆ, ಕೈಯಲ್ಲಿ ಒಂದು ಚೀಲವೂ ಇಲ್ಲ.

"ಕೂರೋಕಾಗಲ್ವೇನೇ?" ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಇವತ್ತೂ ಉಷ್ಣ ಅಂತೀಯಾ? ಮಜ್ಜಿಗೆ ಕುಡಿ ಅಂತ ಕಳಿಸ್ತಾರೆ, ಹೋಗು. ಆ ಹಿತ್ತಿಲ ಕಲ್ಲಿಗೆ ಇನ್ನೆಷ್ಟು ದಿನ ರಕ್ತ ಕುಡಿಸ್ತೀಯೇ?"

ಕಲ್ಲಿನ ವಿಷಯ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಎಲ್ಲಿ, ಡಾಕ್ಟರಿಗೆ ಹೇಳೋದನ್ನ ಈಗ ಹೇಳು ನೋಡಾನ."

ಮೆಲ್ಲಗೆ ಹೇಳಿದೆ.

"ಪಕ್ಕದಲ್ಲಿರೋ ನಂಗೇ ಕೇಳಿಸ್ಲಿಲ್ಲ."

"ಮೂಲವ್ಯಾಧಿ ಐತೆ, ರಕ್ತ ಹೋಗ್ತೈತೆ" ಎಂದೆ. ಅದೇ ಹೊತ್ತಿಗೆ ಡ್ರೈವರು ಹಂಪ್ ಬಂತೆಂದು ಬಸ್ಸು ನಿಧಾನ ಮಾಡಿದ್ದ. ಎಂಜಿನ್ ಸದ್ದು ಇಳಿದು ನನ್ನ ಮಾತು ಬಸ್ಸಿಗೆಲ್ಲ ಕೇಳಿಸಿತು. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, "ನಂಗೂ ಇತ್ತು ಕಣವ್ವ, ಆಪರೇಸನ್ ಮಾಡಿಸ್ಕಂಡೆ. ಈಗ ನೋಡು, ಹೆಂಗೆ ಕೂತಿದ್ದೀನಿ" ಎಂದರು.

ನಾಚಿಕೆಯಿಂದ ಪಕ್ಕಕ್ಕೆ ತಿರುಗಿದೆ. ಹೆಂಗಸು ಇರಲಿಲ್ಲ. ಮುಂದಿನ ಸ್ಟಾಪು ಹಾರನಹಳ್ಳಿ ಇನ್ನೂ ಬಂದಿರಲಿಲ್ಲ, ಅವಳು ಮಾತಾಡಿಸಿದ ಮೇಲೆ ಬಸ್ಸು ಎಲ್ಲಿಯೂ ನಿಂತಿರಲಿಲ್ಲ. ಮುದುಕರನ್ನು ಕೇಳಿದರೆ, "ಇನ್ಯಾರು? ಹಳೇಬೀಡಿಂದ ನೀನೊಬ್ಳೇ ನಿಂತಿದ್ದೀಯಲ್ಲವ್ವ" ಎಂದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಗಂಡು ಡಾಕ್ಟರು. "ಏನಮ್ಮ ತೊಂದರೆ?" ಎಂದಾಗ 'ಉ' ಎಂಬ ಅಕ್ಷರ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ, ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದೆ. ಅವರು ಪರೀಕ್ಷೆ ಮಾಡಿ, "ಇಷ್ಟು ದಿನ ಹೇಗೆ ತಡ್ಕೊಂಡ್ರಿ? ಮೈಯಲ್ಲಿ ರಕ್ತಾನೇ ಇಲ್ಲ" ಎಂದರು. ನಿಮ್ಮ ಅಮ್ಮನಿಗೆ ಫೋನು ಮಾಡಿ ಅದೇ ಮಾತನ್ನು ಮೂರನೇ ಸಲ ಹೇಳಿದೆ. ಅಷ್ಟು ಹೊತ್ತಿಗೆ ಸಲೀಸಾಗಿತ್ತು.

ರಕ್ತ ಕೊಟ್ಟು, ಆಮೇಲೆ ಆಪರೇಷನ್ ಮಾಡಿದರು. ಮೊದಲ ಸಲ ಕಕ್ಕಸಿಗೆ ಹೋದಾಗ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿದು, ಗೋಡೆ ಹಿಡಿದು ಅತ್ತೆ. ಆದರೂ ಡಾಕ್ಟರು ಹೇಳಿದ ಒಂದನ್ನೂ ತಪ್ಪಿಸಲಿಲ್ಲ. ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ದಿನಕ್ಕೆ ಮೂರು ಸಲ ಕೂತೆ, ಇಸಬ್ಗೋಲ್ ಕುಡಿದೆ, ಸೊಪ್ಪು ತಿಂದೆ. ಒಂದೂವರೆ ತಿಂಗಳಾದ ಮೇಲೆ ನಿಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತು ಮುದ್ದೆ ಉಂಡೆ. ಅಜ್ಜಿ ಯಾಕೆ ಅಳುತ್ತಿದ್ದಾಳೆ ಎಂದು ನೀವು ಕೇಳಿದಿರಿ.

ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡದ್ದು ಒಂದಿದೆ. ಆಸ್ಪತ್ರೆಯಲ್ಲಿ ಆಧಾರ್ ತೆಗೆದಾಗ ಅದರ ಜೊತೆ ಎರಡು ಟಿಕೆಟ್ ಇದ್ದವು. ಎರಡೂ ಹಳೇಬೀಡಿನಿಂದ ಅರಸೀಕೆರೆಗೆ. ನಿಮ್ಮ ಅಮ್ಮನೂ ಓದಿ ನೋಡಿದ್ದಾಳೆ. ಕಂಡಕ್ಟರು ತಪ್ಪಿ ಎರಡು ಕೊಟ್ಟಿರಬಹುದು ಎನ್ನುತ್ತಾಳೆ. ಇರಬಹುದು. ಆದರೆ ಕಲ್ಲಿನ ವಿಷಯ? ಈಗ ಟಿಕೆಟ್ಟಿನ ಅಕ್ಷರ ಅಳಿಸಿಹೋಗಿ ಎರಡೂ ಬಿಳಿ ಚೀಟಿಗಳಾಗಿವೆ.

ಅರಸೀಕೆರೆವರೆಗೆ ಟಿಕೆಟ್ ಇದ್ದೂ ಅವಳು ಯಾಕೆ ಅಲ್ಲಿಯವರೆಗೆ ಬರಲಿಲ್ಲ, ಇನ್ನೂ ಎಲ್ಲಾದರೂ ನಿಂತೇ ಇದ್ದಾಳಾ ಎಂದು ಯೋಚಿಸುತ್ತೇನೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದೂ ಯಾವಳಾದರೂ ನಿಂತಿದ್ದರೆ ಸುಮ್ಮನಿರಲಾಗುವುದಿಲ್ಲ. ಹತ್ತಿರ ಹೋಗಿ, "ಕೂರೋಕಾಗಲ್ವೇನೇ?" ಎನ್ನುತ್ತೇನೆ. ಮೊನ್ನೆ ಹಾಗೆ ನಾನು ಕೇಳಿದಾಗ ಒಬ್ಬಳು, "ಮುಂದಿನ ಸ್ಟಾಪಲ್ಲಿ ಇಳೀಬೇಕು ಕಣಜ್ಜಿ" ಎಂದಳು. ಬಸ್ಸು ನಿಂತು ಅವಳು ಇಳಿಯುವವರೆಗೂ ನೋಡುತ್ತಲೇ ಇದ್ದೆ.